ಖಾಲಿ ಗಾಡಿಯ ಓಟ

ಆ ಮನೆಯಲ್ಲಿ ನಾಲ್ಕು ಜನ, ಮೂರು ಬಟ್ಟೆ ಒಗೆಯುವ ದೊಡ್ಡ ಮಶೀನು, ಎರಡು ಇಸ್ತ್ರಿ ಮೇಜು ಮತ್ತು ಒಂದು ಬಿಳಿ ವ್ಯಾನು. ಯಾವ ದಿನ ನೋಡಿದರೂ ಇವುಗಳಲ್ಲಿ ಒಂದರ ಆರೋಗ್ಯ ಕೆಟ್ಟೇ ಇರುತ್ತಿತ್ತು. ಮನುಷ್ಯರದಾದರೆ ಬಿಸಿನೀರು ಕುಡಿದು ಮಲಗಿಕೋ ಎನ್ನುತ್ತಿದ್ದರು. ಉಳಿದವುಗಳದಾದರೆ ಮಾವ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದರು.

ಕೆಳಗೆ ಲಾಂಡ್ರಿ, ಮೇಲೆ ಸಂಸಾರ. ಕೆಳಗಿನ ಆವಿ ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ಕಿಟಕಿಗೆ ಬೆವರು ತರಿಸುತ್ತಿತ್ತು. ಊರಿನ ಲಾಡ್ಜುಗಳ ಹಾಸಿಗೆ ಬಟ್ಟೆ, ಎರಡು ನರ್ಸಿಂಗ್ ಹೋಮುಗಳ ದಿಂಬಿನ ಚೀಲ, ಹೋಟೆಲುಗಳ ಮೇಜಿನ ಹೊದಿಕೆ, ಇವೆಲ್ಲ ಕೊಳೆಯಾಗಿ ಬಂದು ಬೆಳ್ಳಗಾಗಿ ಹೋಗುವ ಮನೆ ಅದು. ಒಗೆಯುವುದು ಮಗ, ಇಸ್ತ್ರಿ ಮಾಡುವುದು ಅತ್ತೆ, ಗಿರಾಕಿಗಳ ಜೊತೆ ಮಾತು ಮಾವನದು. ಹೊತ್ತು ತರುವುದು, ಹೊತ್ತು ಹಾಕುವುದು ಸೊಸೆಯ ಕೆಲಸ.

ವ್ಯಾನಿನ ಸ್ಟೀರಿಂಗು ಸೊಸೆಯ ಕೈಗೆ ಬಂದದ್ದು ಯಾರೂ ಕೊಟ್ಟು ಬಂದದ್ದಲ್ಲ. ಮಾವನ ಮಂಡಿ ಕ್ಲಚ್ ಒತ್ತಲಾರೆ ಎಂದು ಹಟ ಹಿಡಿಯಿತು. ಮಗ ಎರಡು ಸಲ ಗೇಟಿನ ಕಂಬಕ್ಕೆ ಉಜ್ಜಿದ. ಮೂರನೆಯ ಸಲ ಉಜ್ಜುವ ಮೊದಲೇ ಅಪ್ಪ ಬೀಗದ ಕೈ ಕಸಿದುಕೊಂಡರು. ಉಳಿದವಳು ಇವಳೊಬ್ಬಳು. ಅಲ್ಲಿಯವರೆಗೆ ಇವಳು ಅತ್ತೆಯ ಪಕ್ಕದ ಎರಡನೆಯ ಮೇಜಿನ ಮುಂದೆ ನಿಂತು, ಆವಿಯಲ್ಲಿ ಬೇಯುತ್ತ, ಮುಗಿಯದ ಬಿಳಿ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುತ್ತಿದ್ದಳು. ಈಗ ಬೆಳಗಾದರೆ ಎತ್ತರದ ಸೀಟಿನಲ್ಲಿ ಕೂತು, ಗಾಜು ಇಳಿಸಿ, ಬೀದಿ ಬೀದಿಯ ಗಾಳಿ ಕುಡಿಯುತ್ತಿದ್ದಳು. ಬೇಕರಿಯ ಮುಂದೆ ಒಂದು ವಾಸನೆ, ಮರದ ಮಿಲ್ಲಿನ ಮುಂದೆ ಒಂದು ವಾಸನೆ. ಸಿಗ್ನಲಿನಲ್ಲಿ ಪಕ್ಕದ ಲಾರಿಯವನು, “ಮೊದಲು ನೀವು ಹೋಗಿ ಅಕ್ಕ,” ಎಂದರೆ ಆ ದಿನವೆಲ್ಲ ರಾಣಿಯ ಹಾಗಿರುತ್ತಿದ್ದಳು.

ಆದರೆ ಓಡಿಸುವ ರೀತಿ ಮಾತ್ರ ಮಾವನದೇ. ಅವರು ಪಕ್ಕದಲ್ಲಿ ಕೂತು ಕಲಿಸಿದ ಪಾಠ ಹೀಗಿತ್ತು: ನಿಂತಲ್ಲೆಲ್ಲ ಎಂಜಿನ್ ಆರಿಸಬೇಕು. ಆಕ್ಸಿಲರೇಟರನ್ನು ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತಬೇಕು. ಹೆದ್ದಾರಿಯ ಕಡೆ ತಲೆ ಹಾಕಬಾರದು, ಅಲ್ಲಿ ಗಾಡಿ ಡೀಸೆಲ್ ಕುಡಿಯುವುದಿಲ್ಲ, ಅದರಲ್ಲಿ ಸ್ನಾನ ಮಾಡುತ್ತದೆ. ಸೊಸೆ ಅಷ್ಟನ್ನೂ ಚಾಚೂ ತಪ್ಪದೆ ನಡೆಸಿದಳು. ಒಂದು ಬಾಗಿಲಿನಿಂದ ಮುಂದಿನ ಬಾಗಿಲಿಗೆ ವ್ಯಾನು ಬೆಕ್ಕಿನ ಹಾಗೆ ಸದ್ದಿಲ್ಲದೆ ಹೋಗುತ್ತಿತ್ತು, ಕೂರುತ್ತಿತ್ತು, ಏಳುತ್ತಿತ್ತು.

ಅಂಥ ಗಾಡಿ ಒಂದು ಸೋಮವಾರ ನರ್ಸಿಂಗ್ ಹೋಮಿನ ಏರಿನಲ್ಲಿ ಉಸಿರು ಬಿಟ್ಟಿತು. ಕೆಡಲಿಲ್ಲ, ಸದ್ದು ಮಾಡಲಿಲ್ಲ. ಎಷ್ಟು ಒತ್ತಿದರೂ ಜೋರಾಗದೆ, ಮುದುಕರು ಮೆಟ್ಟಿಲು ಹತ್ತುವಂತೆ ಒಂದೊಂದೇ ಹೆಜ್ಜೆ ಇಟ್ಟು, ಅರ್ಧದಲ್ಲಿ ನಿಂತಿತು. ಹಿಂದೆ ಹಾರ್ನುಗಳ ಸಂತೆ. ಸೊಸೆ ಬೆನ್ನ ಮೇಲೆ ಗಂಟು ಹೊತ್ತು ಉಳಿದ ಏರು ಹತ್ತಿದಳು.

ರಾತ್ರಿ ಊಟಕ್ಕೆ ಬೇಯಿಸಿದ ಆಲೂಗೆಡ್ಡೆ, ಅನ್ನ. ಮಾವ ಆಲೂಗೆಡ್ಡೆಯ ಸಿಪ್ಪೆ ಸುಲಿಯುತ್ತಲೇ ಶುರು ಮಾಡಿದರು.

“ಏರಲ್ಲಿ ಯಾವ ಗೇರಲ್ಲಿದ್ದೆಯಮ್ಮಾ?”

“ಎರಡರಲ್ಲಿ, ಮಾವ.”

“ಎರಡರಲ್ಲೇ ಇದ್ರೆ ನಿಲ್ತಿರಲಿಲ್ಲ.”

“ಎರಡರಲ್ಲೇ ಇದ್ದೆ.”

“ನನ್ನ ಕೈಲಿದ್ದಾಗ ಒಂದು ದಿನಾನೂ ಕೆಮ್ಮಿದ ಗಾಡಿಯಲ್ಲ ಅದು. ಗಾಡಿಗೂ ಕೈಗುಣ ಅಂತ ಇರತ್ತೆ.”

“ಅಪ್ಪಾ, ಅದೂ ಹಳೇದಾಯ್ತಲ್ಲ,” ಎಂದ ಮಗ.

“ನಿನ್ನಮ್ಮನೂ ಹಳಬಳಾದಳು. ಏರು ಹತ್ತಲ್ವಾ?”

ಅತ್ತೆ ಬಲಗೈ ಎತ್ತಲಾರದೆ ಎಡಗೈಯಿಂದಲೇ ಬಡಿಸುತ್ತಿದ್ದರು. ಭುಜದ ನೋವು ಶುರುವಾಗಿ ಬಹಳ ದಿನವಾಗಿತ್ತು.

ಮರುದಿನ ಗಾಡಿ ಮೇಸ್ತ್ರಿಯ ಗ್ಯಾರೇಜಿಗೆ ಹೋಯಿತು. ಈ ಮೇಸ್ತ್ರಿಗೆ ಊರಿನವರು ಇಟ್ಟ ಹೆಸರು ‘ಆಗೋಯ್ತು’. ಕೆಲಸ ಕೈಗೆತ್ತಿಕೊಂಡ ಗಳಿಗೆಯಿಂದ ಅದು ಮುಗಿಯುವವರೆಗೂ ಅವನ ಬಾಯಲ್ಲಿ ಅದೊಂದೇ ಮಾತು. ಬಾನೆಟ್ ಎತ್ತಿ, ಮೂಗು ತೂರಿಸಿ, “ಡೀಸೆಲ್ ಫಿಲ್ಟರ್ ಕಟ್ಕೊಂಡಿದೆ, ಇಂಜೆಕ್ಟರೂ ಗಲೀಜು. ಆಗೋಯ್ತು ಅಂದ್ಕೊಳ್ಳಿ,” ಎಂದ. ಹಾಗೆಯೇ ಬ್ರೇಕಿನ ಪ್ಯಾಡು ಸವೆದಿದೆ ಎಂದ, ಜಾರುವ ಬಾಗಿಲಿನ ಚಕ್ರ ತುಂಡಾಗಿದೆ ಎಂದ. ಗಾಡಿಯನ್ನು ತೋರಿಸಲು ಹೋದವರಿಗೆ ಅವನು ಯಾವತ್ತೂ ಒಂದೇ ಕಾಯಿಲೆ ಹೇಳಿ ಕಳಿಸಿದವನಲ್ಲ.

ಎಲ್ಲ ಬದಲಾಯಿಸಿ ತಂದ ಗಾಡಿ ಒಂದು ವಾರ ಚೆನ್ನಾಗಿ ಓಡಿತು. ಮುಂದಿನ ವಾರ ಅದೇ ಏರು, ಅದೇ ಜಾಗ, ಅದೇ ಹಾರ್ನುಗಳ ಸಂತೆ.

ಈ ಸಲ ಮಾವ ಗೇರಿನ ವಿಷಯ ಕೇಳಲಿಲ್ಲ. ಬ್ರೆಡ್ಡು ಚಹಾದಲ್ಲಿ ಅದ್ದಿಕೊಂಡು ನಿಧಾನವಾಗಿ ಹೇಳಿದರು. “ಮಾರಿಬಿಡೋಣ. ಇನ್ಶೂರೆನ್ಸು ಕಟ್ಟೋ ದಿನ ಬಂತು, ಟೈರು ನುಣ್ಣಗಾಗಿದೆ, ಈಗ ಇದು. ಮನೆಯವರೆಲ್ಲ ದುಡಿದು ಗಾಡಿಗೆ ತಿನ್ನಿಸ್ತಾ ಇದೀವಿ. ಬಾಡಿಗೆ ಟೆಂಪೋದವನಿಗೆ ಹೇಳಿದ್ರೆ ಬಂದು ತಗೊಂಡ್ಹೋಗ್ತಾನೆ.”

“ಟೆಂಪೋದವನು ಬೆಳಿಗ್ಗೆ ಮೀನು ಹಾಕ್ಕೊಂಡು ಹೋಗ್ತಾನೆ ಅಪ್ಪಾ,” ಎಂದ ಮಗ. “ಲಾಡ್ಜಲ್ಲಿ ಮಲಗಿದವರು ಸಮುದ್ರದ ಕನಸು ಕಾಣ್ತಾರೆ.”

“ಪ್ಲಾಸ್ಟಿಕ್ ಹಾಸಿದ್ರಾಯ್ತು.”

“ಮತ್ತೆ ಇವಳು?”

ಮಾವ ಸೊಸೆಯ ಕಡೆ ನೋಡಲಿಲ್ಲ. “ಇವಳಿಗೇನು, ಮೇಜು ಇದೆಯಲ್ಲ. ನಿಮ್ಮಮ್ಮನ ಭುಜಕ್ಕೂ ಒಂದು ಆಸರೆ.”

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಚಹಾದ ಲೋಟವನ್ನು ನೋಡುತ್ತಿದ್ದರು.

ಮಧ್ಯಾಹ್ನ ಇಬ್ಬರೂ ಒದ್ದೆ ಬಟ್ಟೆಯ ಎರಡು ತುದಿ ಹಿಡಿದು ಝಾಡಿಸುವಾಗ ಸೊಸೆ ಕೇಳಿದಳು. “ಅತ್ತೆ, ನೀವೊಂದು ಮಾತು ಹೇಳಬಾರದಾ?”

“ಏನಂತ ಹೇಳಲಿ?”

“ಮಾರಬೇಡಿ ಅಂತ.”

ಅತ್ತೆ ತಮ್ಮ ತುದಿಯನ್ನು ತಂದು ಸೊಸೆಯ ಕೈಗೆ ಸೇರಿಸಿದರು. “ನೋಡು ಹುಡುಗಿ, ಸುಳ್ಳು ಯಾಕೆ ಹೇಳಲಿ. ನೀನು ಹೊರಗೆ ಹೋದಾಗಿಂದ ಎರಡು ಮೇಜಿನ ಕೆಲಸ ಒಂದು ಭುಜದ ಮೇಲೆ ಬಿದ್ದಿದೆ. ನೀನು ವಾಪಸ್ ಬಂದ್ರೆ ನಂಗೆ ಸುಖ. ನಿಂಗೆ ಸುಖ ಇಲ್ಲ ಅಂತ ನಂಗೆ ಗೊತ್ತು. ಅದಕ್ಕೇ ಬಾಯಿ ಮುಚ್ಕೊಂಡಿದೀನಿ. ಅಷ್ಟು ಉಪಕಾರ ಸಾಲದಾ?”

ಸೊಸೆಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಬಟ್ಟೆಯ ಮಡಿಕೆಯಲ್ಲಿ ಅಡಗಿಸಿದಳು.

ಗಾಡಿ ನೋಡಲು ಮೊಟ್ಟೆ ವ್ಯಾಪಾರಿಯೊಬ್ಬ ಬಂದ. ಮಾತಿಗೆ ಮುಂಚೆ ನಾಲ್ಕೂ ಟೈರು ಒದ್ದ. ಬಾಗಿಲನ್ನು ಐದಾರು ಸಲ ಜಾರಿಸಿದ. ಒಳಗೆ ತಲೆ ಹಾಕಿ ಮೂಸಿದ. “ಸೋಪಿನ ವಾಸನೆ,” ಎಂದ, ಅದೂ ಒಂದು ದೋಷವೆಂಬಂತೆ.

“ನಿನ್ನ ಮೊಟ್ಟೆಗೆ ಸ್ನಾನ ಆಗತ್ತೆ ಬಿಡು,” ಎಂದರು ಮಾವ.

“ಏರು ಹತ್ತತ್ತಾ ಯಜಮಾನ್ರೇ?”

ಮಾವ ಬಾಗಿಲು ಎಳೆದು ಮುಚ್ಚಿದರು. “ಸಣ್ಣ ರಿಪೇರಿ ಇದೆ. ಮಾಡಿಸಿ ಕೊಡ್ತೀನಿ.”

“ಹಾಗಾದ್ರೆ ಮಾಡಿಸಿಡಿ. ವಾರ ಬಿಟ್ಟು ಬರ್ತೀನಿ. ಏರು ಹತ್ತಿದ್ರೆ ಒಂದು ರೇಟು, ಹತ್ತದಿದ್ರೆ ಒಂದು ರೇಟು.”

ಹೀಗೆ ಗಾಡಿ ಮತ್ತೊಮ್ಮೆ ಗ್ಯಾರೇಜು ಕಂಡಿತು. ಈ ಸಲ ಸೊಸೆ ಒಬ್ಬಳೇ ಹೋದಳು. ಬೇರೆಯವರ ಮನೆಗೆ ಕಳಿಸುವ ಹೆಣ್ಣಿಗೆ ಔಷಧಿ ಕೊಡಿಸಲು ಹೊರಟ ತಾಯಿಯ ಹಾಗಿತ್ತು ಅವಳ ಮನಸ್ಸು. ‘ಆಗೋಯ್ತು’ ಮೇಸ್ತ್ರಿ ತನ್ನ ಹಿಂದಿನ ರಿಪೇರಿ ಸೋತದ್ದಕ್ಕೆ ಸ್ವಲ್ಪವೂ ನಾಚಲಿಲ್ಲ. ಪಕ್ಕದ ಗ್ಯಾರೇಜಿನಿಂದ ಒಂದು ಸಣ್ಣ ಪರದೆಯ ಯಂತ್ರ ಎರವಲು ತಂದು, ಅದರ ವೈರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ, ಬಹಳ ಹೊತ್ತು ನೋಡಿದ.

“ಅಕ್ಕ, ಲೈಟ್ ಬಂದಿರಲಿಲ್ವಾ?”

“ಯಾವ ಲೈಟು?”

“ಇಲ್ಲಿ, ಮೀಟರ್ ಪಕ್ಕ. ಕಿತ್ತಳೆ ಬಣ್ಣದ್ದು. ಹೊಗೆಕೊಳವೆಯಲ್ಲಿ ಮಸಿ ತುಂಬಿದಾಗ ಬರತ್ತೆ.” ಹೇಳುತ್ತ ಹೇಳುತ್ತ ಅವನ ಬೆರಳು ಮೀಟರಿನ ಗಾಜಿನ ಒಂದು ಮೂಲೆಗೆ ಹೋಗಿ ನಿಂತಿತು. ಅಲ್ಲಿ ಉಗುರಿನಷ್ಟು ಅಗಲದ ಹಳದಿ ಬಟ್ಟೆಯ ಪಟ್ಟಿ ಅಂಟಿತ್ತು. “ಇದೇನಿದು?”

ಸೊಸೆ ಬಗ್ಗಿ ನೋಡಿದಳು. ಆ ಪಟ್ಟಿಯನ್ನು ಅವಳು ದಿನವೂ ನೋಡುತ್ತಿದ್ದಳು.

ಅವರ ಲಾಂಡ್ರಿಯಲ್ಲಿ ಒಂದು ಪದ್ಧತಿಯಿತ್ತು. ತುಕ್ಕಿನದೋ, ಔಷಧಿಯದೋ ಕಲೆ ಎಷ್ಟು ಒಗೆದರೂ ಹೋಗದಿದ್ದರೆ ಅದರ ಪಕ್ಕ ಒಂದು ಹಳದಿ ಪಟ್ಟಿ ಅಂಟಿಸುತ್ತಿದ್ದರು. ನೋಡಿದ್ದೇವೆ, ಪ್ರಯತ್ನಪಟ್ಟಿದ್ದೇವೆ, ಹೋಗುವುದಿಲ್ಲ, ಇನ್ನು ಯಾರೂ ಉಜ್ಜಿ ಬಟ್ಟೆ ಹರಿಯಬೇಡಿ ಎಂದು ಅದರ ಅರ್ಥ. ಆ ಮನೆ ಸೇರಿದವರು ಮೊದಲು ಕಲಿಯುವುದೇ ಇದನ್ನು. ಹಳದಿ ಪಟ್ಟಿ ಕಂಡಲ್ಲಿ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಗಾಡಿಯ ಗಾಜಿನ ಮೇಲೆ ಕಂಡಾಗಲೂ ಇವಳ ಕೈ ಹಾಗೆಯೇ ಸರಿದಿತ್ತು. ಯಾಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಮೇಸ್ತ್ರಿ ಪಟ್ಟಿಯನ್ನು ಕೆರೆದು ತೆಗೆದ. ಕೆಳಗೆ ಕಿತ್ತಳೆ ದೀಪ ಸಮಾಧಾನವಾಗಿ ಉರಿಯುತ್ತಿತ್ತು, ಎಷ್ಟು ಕಾಲದಿಂದಲೋ.

“ಇದಾ ವಿಷಯ,” ಎಂದ ಮೇಸ್ತ್ರಿ. “ಅಕ್ಕ, ಗಾಡಿ ಹೇಗೆ ಓಡಿಸ್ತೀರಿ?”

ಅವಳು ಮಾವನ ಪಾಠವನ್ನು ಒಪ್ಪಿಸಿದಳು. ಮೇಸ್ತ್ರಿ ತಲೆಯ ಮೇಲೆ ಕೈಯಿಟ್ಟುಕೊಂಡ.

“ಅಯ್ಯೋ, ಇಷ್ಟು ಭಕ್ತಿಯಿಂದ ಓಡಿಸಿದ್ರೆ ಉಳಿಯತ್ತಾ ಗಾಡಿ? ಇದರ ಹೊಗೆಕೊಳವೆಯಲ್ಲಿ ಮಸಿ ಸೋಸೋ ಜರಡಿ ಇದೆ. ಕೊಳವೆ ಚೆನ್ನಾಗಿ ಕಾದ್ರೆ ಮಸಿ ತಾನೇ ಉರಿದು ಹೋಗತ್ತೆ. ನೀವು ಕಾಯೋಕೆ ಬಿಟ್ರೆ ತಾನೆ? ಕಾಯೋದ್ರೊಳಗೆ ಆರಿಸಿಬಿಡ್ತೀರಿ. ವಾರಕ್ಕೊಂದು ಸಲ ಹೆದ್ದಾರಿಗೆ ಕರಕೊಂಡ್ಹೋಗಿ, ಅರ್ಧ ಗಂಟೆ ಎಲ್ಲೂ ನಿಲ್ಲಿಸದೆ ಜೋರಾಗಿ ಓಡಿಸಿ.”

“ಎಲ್ಲಿಗೆ?”

“ಎಲ್ಲಿಗಾದ್ರೂ. ಸುಮ್ನೆ. ಈಗ ನಾನು ಇಲ್ಲೇ ಸ್ವಲ್ಪ ಉರಿಸಿಕೊಡ್ತೀನಿ, ಉಳಿದದ್ದನ್ನ ರಸ್ತೆ ನೋಡ್ಕೊಳತ್ತೆ. ಅದಕ್ಕೂ ಬಗ್ಗದಿದ್ರೆ ಜರಡಿ ಬದಲಾಯಿಸಬೇಕು. ಆ ದುಡ್ಡಿಗೆ ಅರ್ಧ ಗಾಡಿ ಬರತ್ತೆ.”

ಆ ಸಂಜೆ ಊಟದ ಮೇಜಿನಲ್ಲಿ ಸೊಸೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಮಾವ ಕೊನೆಯವರೆಗೆ ಕೇಳಿದರು.

“ಅಂದ್ರೆ ಡೀಸೆಲ್ ಸುಡೋಕೆ ಅಂತಲೇ ಗಾಡಿ ಓಡಿಸ್ಬೇಕು. ಖಾಲಿ ಗಾಡಿ.”

“ಹೌದು ಮಾವ.”

“ಇದು ಮೇಸ್ತ್ರಿ ಹೇಳಿದ್ದೋ, ನಿಂಗೆ ತಿರುಗಾಡೋ ಆಸೆಯೋ?”

“ಅಪ್ಪಾ,” ಎಂದ ಮಗ.

“ಆ ಪಟ್ಟಿ ಯಾರು ಹಚ್ಚಿದ್ರು ಮೊದಲು ಹೇಳಿ,” ಎಂದರು ಮಾವ. “ಗಾಡಿ ಕೆಟ್ಟದ್ದು ಇವಳ ಕೈಲಿ. ಗಾಡಿಯೊಳಗೆ ಕೂರೋಳು ಇವಳು. ಬೇರೆ ಯಾರು ಹಚ್ಚಿರ್ತಾರೆ?”

“ನಾನು ಹಚ್ಚಿಲ್ಲ,” ಎಂದಳು ಸೊಸೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

 ಆಮೇಲೆ ಅತ್ತೆ ನೀರಿನ ಜಗ್ಗನ್ನು ಎಡಗೈಯಿಂದ ಎತ್ತಿ ಗಂಡನ ಲೋಟಕ್ಕೆ ಸುರಿಯುತ್ತ, ಹವಾಮಾನದ ವಿಷಯ ಹೇಳುವವರ ಹಾಗೆ ಹೇಳಿದರು.

“ನೀವೇ ಹಚ್ಚಿದ್ದು. ಪಟ್ಟಿ ಕತ್ತರಿಸಿಕೊಟ್ಟವಳು ನಾನು.”

“ನಾನಾ?”

“ಮಂಡಿ ಕೈಕೊಡೋ ಮುಂಚೆ. ಒಂದಿನ ಬಂದು, ‘ಎಂಥದ್ದೋ ದೀಪ ಬಂದಿದೆ, ಗಾಡಿ ಚೆನ್ನಾಗೇ ಓಡ್ತಿದೆ, ತೊಳೆದೆ, ಒರೆಸಿದೆ, ಹೋಗ್ತಿಲ್ಲ, ಒಂದು ಹಳದಿ ಕೊಡು’ ಅಂದ್ರಿ. ಕೊಟ್ಟೆ.”

“ನೆನಪಿಲ್ಲ ನಂಗೆ.”

“ನಂಗಿದೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದು ಕೇಳಿದ ಮಗ.

ಅತ್ತೆ ಸೊಸೆಯ ಮುಖ ನೋಡಿದರು. “ದೀಪಕ್ಕೂ ಏರಿಗೂ ಸಂಬಂಧ ಇದೆ ಅಂತ ನಂಗೇನು ಗೊತ್ತಿತ್ತು? ಇವತ್ತು ಗೊತ್ತಾಯ್ತು. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡ್ರೆ ಊಟ ಸೇರಲ್ಲ. ಇವಳು ಮೇಜಿಗೆ ಬರೋದಾದ್ರೆ ಬರಲಿ. ಮಾಡದ ತಪ್ಪಿನ ಮೂಟೆ ಹೊತ್ಕೊಂಡು ಬರೋದು ಬೇಡ.”

ಮಾವ ಎದ್ದು ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. ಬಂದವರು ಕೂರದೆ, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸುತ್ತ ಹೇಳಿದರು. “ಮೊಟ್ಟೆಯವನು ಬರೋದ್ರೊಳಗೆ ಆ ದೀಪ ಹೋಗ್ಬೇಕು. ಏರು ಹತ್ತಿದ್ರೆ ಒಳ್ಳೆ ರೇಟು ಅಂದಿದಾನೆ. ನಾಳೆ ಆ ಅರ್ಧ ಗಂಟೆ ಓಡಿಸೋಣ. ನಾನೂ ಬರ್ತೀನಿ.”

ಕೈಬಿಟ್ಟು ಹೋಗುವ ಗಾಡಿಗೆ ಒಳ್ಳೆಯ ಬೆಲೆ ಬರಲೆಂದು ತಾನೇ ಅದನ್ನು ಓಡಿಸಬೇಕು. ಸೊಸೆ ಆ ರಾತ್ರಿ ಗಂಡನಿಗೆ ಹೇಳಿದ್ದು ಇಷ್ಟೇ: “ಓಡದೆ ಹೋದ್ರೆ ಕಮ್ಮಿಗೆ ಹೋಗತ್ತೆ, ಓಡಿದ್ರೆ ಜಾಸ್ತಿಗೆ ಹೋಗತ್ತೆ. ಹೋಗೋದಂತೂ ಹೋಗತ್ತೆ.”

“ಹಾಗಾದ್ರೆ ಚೆನ್ನಾಗಿ ಓಡಿಸು,” ಎಂದ ಗಂಡ. “ಒಂದು ಸಲನಾದ್ರೂ.”

ಹೆದ್ದಾರಿ ಸೇರಿದ ಮೇಲೆ ಮಾವ ಬಾಗಿಲಿನ ಮೇಲಿನ ಹಿಡಿಕೆಯನ್ನು ಬಿಡಲಿಲ್ಲ. ಮೀಟರಿನ ಮುಳ್ಳು ಮೇಲೇರಿದಂತೆಲ್ಲ ಅವರ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಸೊಸೆ ಗೇರು ಬದಲಾಯಿಸುತ್ತ ಹೋದಳು. ಅವಳು ಎಂದೂ ಹಾಕದ ಗೇರೊಂದು ಆ ಗಾಡಿಯಲ್ಲಿತ್ತು. ಹಾಕಿದಾಗ ಎಂಜಿನ್ನಿನ ದನಿ ಇಳಿದು ಒಂದು ಗುನುಗಾಯಿತು. ಹಿಂದುಗಡೆಯಿಂದ ಸುಟ್ಟ ವಾಸನೆ ಬಂತು.

“ಉರೀತಿದೆ,” ಎಂದರು ಮಾವ.

“ಉರೀಬೇಕಂತೆ ಮಾವ.”

“ನನ್ನ ದುಡ್ಡು ಉರೀತಿದೆ ಅಂದೆ.”

ಎರಡೂ ಕಡೆ ಬಯಲು. ಆಕಾಶ ಒಗೆದು ಹರವಿದ ಹಾಗಿತ್ತು, ಒಂದು ಮಡಿಕೆಯೂ ಇಲ್ಲದೆ. ಸೊಸೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಈ ರಸ್ತೆ ಮುಗಿಯದೆ ಇದ್ದರೆ ಎಂದುಕೊಂಡಳು. ಅಷ್ಟರಲ್ಲಿ ಮಾವ ಬಗ್ಗಿ ಮೀಟರ್ ನೋಡಿದರು.

“ಹೋಯ್ತು ನೋಡು.”

ಕಿತ್ತಳೆ ದೀಪ ಆರಿತ್ತು. ಅವಳಿಗೆ ಅದಕ್ಕೆ ಸಂತೋಷಪಡಬೇಕೋ, ದುಃಖಪಡಬೇಕೋ ತಿಳಿಯಲಿಲ್ಲ.

ತಿರುಗಿಸಿಕೊಳ್ಳಲು ಜಾಗ ಸಿಕ್ಕಿದ್ದು ಒಂದು ಪೆಟ್ರೋಲ್ ಬಂಕಿನ ಪಕ್ಕ. ಅಲ್ಲಿ ದೂರ ಹೋಗುವವರು ರಾತ್ರಿ ತಂಗುವ ಲಾಡ್ಜೊಂದಿತ್ತು. ಅದರ ಹಿತ್ತಲಿನ ತಂತಿಯ ಮೇಲೆ ಹಾಸಿಗೆ ಬಟ್ಟೆಗಳು ಒಣಗುತ್ತಿದ್ದವು. ಸೊಸೆ ಗಾಡಿ ಹಿಂದಕ್ಕೆ ತೆಗೆಯುವಾಗ ಮಾವ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದರು.

“ಅದು ಬಿಳಿಯೇನಮ್ಮಾ?”

“ಯಾವುದು ಮಾವ?”

“ಅದು. ಆ ಬಟ್ಟೆ. ಅದನ್ನ ಬಿಳಿ ಅಂತಾರಾ ಯಾರಾದ್ರೂ? ಪಾತ್ರೆ ತೊಳೆದ ನೀರಿನ ಬಣ್ಣ. ಅದರ ಮೇಲೆ ಮನುಷ್ಯರು ಮಲಗ್ತಾರಾ?” ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. “ನಿಲ್ಲಿಸು. ಒಂದು ನಿಮಿಷ.”

ಕುಂಟುತ್ತ ಹೋದರು. ಸೊಸೆ ಕನ್ನಡಿಯಲ್ಲಿ ನೋಡುತ್ತಿದ್ದಳು. ಲಾಡ್ಜಿನ ಒಡತಿ ಬಾಗಿಲಿಗೆ ಬಂದಳು, ಮಾವ ತಂತಿಯ ಕಡೆ ಕೈ ತೋರಿಸಿದರು, ಒಡತಿ ಸೊಂಟದ ಮೇಲೆ ಕೈಯಿಟ್ಟಳು. ಜಗಳವಾಯಿತು ಎಂದುಕೊಂಡಳು ಸೊಸೆ. ಮಾವ ತಮ್ಮ ಅಂಗಿಯ ತೋಳನ್ನೇ ಎಳೆದು ಆ ಬಟ್ಟೆಯ ಪಕ್ಕ ಹಿಡಿದು ತೋರಿಸಿದರು. ಆಮೇಲೆ ಇಬ್ಬರೂ ಒಳಗೆ ಹೋದರು. ಹೊರಗೆ ಬರುವಾಗ ಮಾವನ ಹೆಗಲ ಮೇಲೊಂದು ಗಂಟು, ಒಡತಿಯ ಹೆಗಲ ಮೇಲೊಂದು ಗಂಟು.

“ವಾರಕ್ಕೊಂದು ಸಲ,” ಎಂದರು ಮಾವ, ಸೀಟು ಹತ್ತಿ ಏದುಸಿರು ಬಿಡುತ್ತ. “ಇಷ್ಟು ದೂರ ಯಾರೂ ಬರಲ್ವಂತೆ. ನಾವು ಹೇಗೂ ಬರ್ತೀವಿ ಅಂದೆ.”

“ನಾವು ಅಂದ್ರೆ? ಗಾಡಿ ಮಾರ್ತೀವಲ್ಲ ಮಾವ.”

ಮಾವ ಮಂಡಿ ನೀವಿಕೊಂಡರು. “ರಸ್ತೆ ನೋಡ್ಕೊಂಡು ಓಡಿಸು,” ಎಂದರು.

ಮನೆಗೆ ಬಂದ ಹೊಸ ಗಂಟುಗಳನ್ನು ನೋಡಿ ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ನಿಂತರು.

“ಇದೇನು?”

“ಹೊಸ ಗಿರಾಕಿ.”

“ಬಹಳ ಸಂತೋಷ. ಇಸ್ತ್ರಿ ಮಾಡೋರು ಯಾರು?”

“ಯಾರು ಅಂದ್ರೆ… ಇವಳು ಬಂದ ಮೇಲೆ…”

“ಇವಳು ಮೇಜಿಗೆ ಬಂದ್ರೆ ಇದನ್ನ ಹೆದ್ದಾರಿಗೆ ಯಾರು ತಗೊಂಡ್ಹೋಗ್ತಾರೆ? ಮೀನಿನ ಟೆಂಪೋನಾ? ನನ್ನ ಭುಜ ಒಂದೇ ಇರೋದು ರೀ. ಗಿರಾಕಿ ತಂದೋರೇ ಇಸ್ತ್ರಿ ಮಾಡಲಿ.”

“ನಾನು ಮೇಜು ಮುಟ್ಟಿ ಎಷ್ಟು ಕಾಲ ಆಯ್ತು.”

“ನಿಂತ್ಕೊಂಡು ಮಾಡೋದು ಕಷ್ಟ ಅಂದ್ರೆ ಎತ್ತರದ ಸ್ಟೂಲ್ ಹಾಕಿಸ್ಕೊಡ್ತಾನೆ ಮಗ. ಮಂಡಿ ಮಡಿಸೋ ಕೆಲಸವೇ ಇಲ್ಲ,” ಎಂದರು ಅತ್ತೆ. ಮಗ ಸ್ಟೂಲು ತರಲು ಆಗಲೇ ಹೊರಟಿದ್ದ.

ಮೊಟ್ಟೆ ವ್ಯಾಪಾರಿ ಹೇಳಿದ ದಿನಕ್ಕೆ ಸರಿಯಾಗಿ ಬಂದ, ಜೇಬಿನಲ್ಲಿ ಮುಂಗಡ ಇಟ್ಟುಕೊಂಡು. ಸೊಸೆ ಅಂಗಳದಲ್ಲಿ ನರ್ಸಿಂಗ್ ಹೋಮಿನ ಗಂಟುಗಳನ್ನು ಹೇರಿ ಮುಗಿಸಿ ಸ್ಟೀರಿಂಗಿನ ಹಿಂದೆ ಕೂತಿದ್ದಳು. ಬೀಗದ ಕೈ ತಿರುಗಿಸಲು ಹೋದವಳು ಅವನನ್ನು ಕಂಡು ಕೈ ತಡೆದಳು. ತೆರೆದ ಕಿಟಕಿಯಿಂದ ಲಾಂಡ್ರಿಯ ಒಳಗು ಪೂರ್ತಿ ಕಾಣುತ್ತಿತ್ತು. ಎರಡನೆಯ ಮೇಜಿನ ಮುಂದೆ ಮಾವ, ಎತ್ತರದ ಸ್ಟೂಲಿನ ಮೇಲೆ, ಆವಿಯ ನಡುವೆ. ಪಕ್ಕದಲ್ಲಿ ಅತ್ತೆ, “ಮೂಲೆ, ಮೂಲೆ ಬಿಟ್ರಿ,” ಎನ್ನುತ್ತಿದ್ದರು.

“ಯಜಮಾನ್ರೇ, ಗಾಡಿ ಏರು ಹತ್ತಿತಾ?”

“ಹತ್ತಿತು.”

“ಹಾಗಾದ್ರೆ ಹೇಳಿ, ಕೊನೇ ಮಾತು.”

ಮಾವ ತಲೆ ಎತ್ತಲಿಲ್ಲ. ಬಿಟ್ಟ ಮೂಲೆಗೆ ಪೆಟ್ಟಿಗೆ ತಂದು ನಿಧಾನವಾಗಿ ಎಳೆದರು. “ನನ್ನನ್ನ ಯಾಕಪ್ಪಾ ಕೇಳ್ತೀಯ? ನಾನು ಇಸ್ತ್ರಿ ಮೇಜಿನ ಆಳು. ಗಾಡಿ ಮಾತು ಗಾಡಿಯವಳ ಹತ್ರ ಆಡು, ಹೊರಗಿದಾಳೆ.”

ವ್ಯಾಪಾರಿ ಅಂಗಳಕ್ಕೆ ಬಂದ. ವ್ಯಾನಿನ ಎತ್ತರದ ಸೀಟಿನ ಕಡೆ ಕತ್ತೆತ್ತಿ ನೋಡಿದ. ಸೊಸೆ ಒಮ್ಮೆ ಕಿಟಕಿಯ ಕಡೆ ನೋಡಿದಳು. ಆವಿಯಲ್ಲಿ ಮಾವನ ಬೆನ್ನು ಮಾತ್ರ ಕಂಡಿತು.

“ಕೊಡಲ್ಲಣ್ಣ,” ಎಂದಳು. “ಸ್ವಲ್ಪ ಪಕ್ಕಕ್ಕೆ ಬನ್ನಿ, ಗಾಡಿ ತೆಗೀಬೇಕು.”